ಘೂಕಾಕ್ಷನ ಕೊಡದಲ್ಲಿ ಮಕ್ಕಳ ದನಿ

ನಿಮ್ಮಜ್ಜನ ಅಜ್ಜನೂ ಹುಟ್ಟಿರದ ಕಾಲದಲ್ಲಿ ಸುವ್ವಿನಾಡು ಅಂತ ಒಂದು ರಾಜ್ಯವಿತ್ತು. ಅಲ್ಲಿ ನದಿಯಿಲ್ಲ, ಕೆರೆಯಿಲ್ಲ. ಇದ್ದದ್ದು ಪಾಠಶಾಲೆಯ ಅಂಗಳದಲ್ಲಿ ಒಂದೇ ಒಂದು ಬಾವಿ. ಬೆಳಗ್ಗೆ ಮಕ್ಕಳು ಸೇರಿ ಹಾಡಿದರೆ ಬಾವಿಯ ನೀರು ಮೇಲೆ ಬರುತ್ತಿತ್ತು, ಹಾಡದಿದ್ದರೆ ಇಲ್ಲ. ಊರಿನವರು ಕೊಡ ತುಂಬಿಕೊಂಡು ಹೋಗುತ್ತಿದ್ದರು. ಯಾರಿಗೂ ಇದು ವಿಚಿತ್ರ ಅನ್ನಿಸಿರಲಿಲ್ಲ.

ಅಲ್ಲಿ ಸಂಗೀತ ಹೇಳಿಕೊಡುತ್ತಿದ್ದವನು ಸೋವಿದೇವ. ಒಳ್ಳೆಯ ಕಂಠ, ಒಳ್ಳೆಯ ಮನುಷ್ಯ, ಹೆಸರಿನ ಆಸೆ ಮಾತ್ರ ಸ್ವಲ್ಪ ಜಾಸ್ತಿ. ತಂಬೂರಿಯ ಶ್ರುತಿಯನ್ನು ತನ್ನ ಕಂಠಕ್ಕೆ ಏರಿಸಿ ಇಟ್ಟುಕೊಂಡಿದ್ದ. ಎಟುಕಿದವರು ಹಾಡಲಿ, ಎಟುಕದಿದ್ದರೆ ಅವರ ಹಣೆಬರಹ.

ಒಮ್ಮೆ ಅರಸರು ಮಕ್ಕಳ ಹಾಡು ಕೇಳಲು ಬರುವವರಿದ್ದರು. ಕುಂಬಾರರ ಮನೆಯ ಬೊಮ್ಮಕ್ಕನದು ಒರಟು ದನಿ, ಆ ಶ್ರುತಿಗೆ ನಿಲ್ಲುತ್ತಿರಲಿಲ್ಲ. ಸೋವಿದೇವ ಅವಳ ಕಿವಿಯಲ್ಲಿ, "ಮಗಾ, ನೀನು ಬರೀ ಬಾಯಿ ಆಡಿಸು ಸಾಕು, ದನಿ ಬೇಡ" ಅಂದ. ಅವಳು ತಲೆ ಎತ್ತದೆ ಹೂಂ ಅಂದಳು. ಅರಸರು ಹಾಡು ಮೆಚ್ಚಿ ಗುರುವಿಗೆ ಶಾಲು ಹೊದಿಸಿದರು. ಆಮೇಲೆ ಪಕ್ಕದ ಹುಡುಗನಿಗೂ ಅದೇ ಮಾತು, ಹಿಂದಿನ ಸಾಲಿಗೂ ಅದೇ ಮಾತು. ಉಳಿದವರು ನಾಳೆ ತಮ್ಮ ಸರದಿ ಅಂತ ಹೆದರಿ ತಾವಾಗಿಯೇ ಬಾಯಿ ಆಡಿಸತೊಡಗಿದರು.

ಗುಡ್ಡದ ಮೇಲೆ ಘೂಕಾಕ್ಷನೆಂಬ ಮಾಂತ್ರಿಕನಿದ್ದ. ಮಂತ್ರ ಹೇಳಲು ಅವನಿಗೆ ಸ್ವಂತ ದನಿಯಿರಲಿಲ್ಲ. ಬಳಕೆಯಲ್ಲಿರುವ ದನಿಯನ್ನು ಅವನು ಕದಿಯಲಾರ, ಬೇಡವೆಂದು ಬದಿಗಿಟ್ಟ ದನಿ ಮಾತ್ರ ಅವನ ಪಾಲು. ಒಂದೊಂದನ್ನೇ ಹಿಡಿದು ಕಂಚಿನ ಕೊಡದಲ್ಲಿ ತುಂಬಿಕೊಂಡ. ಒಂದು ಬೆಳಗ್ಗೆ ಇಡೀ ಪಾಠಶಾಲೆ ಬಾಯಿ ಆಡಿಸಿತು, ಸದ್ದೇ ಇಲ್ಲ. ಬಾವಿಯ ತಳ ಕಂಡಿತು. ಗುಡ್ಡದ ಕಡೆಯಿಂದ ಮಕ್ಕಳ ದನಿಯಲ್ಲಿ ಮಂತ್ರ ಕೇಳಿಸಿತು.

"ಅಮಾವಾಸ್ಯೆಯೊಳಗೆ ನೀರು ಬರದಿದ್ದರೆ ಎಲ್ಲರೂ ಊರು ಬಿಡಬೇಕಾಗುತ್ತದೆ" ಅಂದರು ಅರಸರು. ಸೋವಿದೇವ ತಂಬೂರಿ ಹೆಗಲಿಗೇರಿಸಿ ಗುಡ್ಡ ಹತ್ತಿದ.

"ಬನ್ನಿ ಗುರುಗಳೇ" ಅಂದ ಘೂಕಾಕ್ಷ. "ನನ್ನ ಹತ್ತಿರ ಮೂರು ಪ್ರಾಣಿಗಳಿವೆ. ಒಂದಾದರೂ ತಾನಾಗಿ ಹಾಡಿದರೆ ಕೊಡದ ಮುಚ್ಚಳ ತೆರೆದುಕೊಳ್ಳುತ್ತದೆ. ಮೂರೂ ಹಾಡದಿದ್ದರೆ ನಿಮ್ಮ ದನಿಯನ್ನೂ ನೀವಾಗಿಯೇ ಇದರೊಳಗೆ ಬಿಟ್ಟುಕೊಡಬೇಕು."

ಮೊದಲು ಕರಡಿ ಬಂತು. ಸೋವಿದೇವ ಜೇನು ತೋರಿಸಿದ, ಕರಡಿ ಹಾಡಿತು. ಜೇನು ಮುಗಿಯಿತು, ಹಾಡೂ ಮುಗಿಯಿತು. ಮುಚ್ಚಳ ಅಲುಗಲಿಲ್ಲ.

ಆಮೇಲೆ ನರಿ ಬಂತು. ಸೋವಿದೇವ ಕೋಲು ಎತ್ತಿದ, ನರಿ ಹಾಡಿತು. ಕೈ ಸೋತು ಕೋಲು ಇಳಿಯಿತು, ಹಾಡೂ ಇಳಿಯಿತು. ಮುಚ್ಚಳ ಅಲುಗಲಿಲ್ಲ.

ಮೂರನೆಯದು ಕತ್ತೆ.

"ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಅಂತಾರಲ್ಲ, ನೋಡೋಣ" ಅಂತ ಘೂಕಾಕ್ಷ ನಕ್ಕ.

ಸೋವಿದೇವ ತಲೆ ಮೇಲೆ ಕೈಹೊತ್ತು ಕೂತ. ಜೇನೂ ಇಲ್ಲ, ತೋಳಲ್ಲಿ ಬಲವೂ ಇಲ್ಲ. ಸುಮ್ಮನೆ ತನ್ನ ಸಮಾಧಾನಕ್ಕೆ ಮಕ್ಕಳ ಸುವ್ವಿ ಪದ ಹಾಡಿಕೊಂಡ. ಕತ್ತೆ ನಡುವೆ ಬಾಯಿ ಹಾಕಿ ಅರಚಿತು. ಅಭ್ಯಾಸಬಲ ನೋಡಿ, "ನೀನು ಬರೀ ಬಾಯಿ..." ಅಂತ ಅಂದೇಬಿಟ್ಟ. ಬೊಮ್ಮಕ್ಕನ ಬಗ್ಗಿದ ತಲೆ ಕಣ್ಣಿಗೆ ಕಟ್ಟಿತು. ಅವನಿಗೆ ನಾಚಿಕೆಯಾಯಿತು, ಮಾತು ಅಲ್ಲೇ ನಿಂತಿತು.

ತಂಬೂರಿಯ ಬಿರಡೆ ತಿರುಗಿಸಿ ಕತ್ತೆಯ ದನಿ ನಿಲ್ಲುವಲ್ಲಿಗೆ ತಂತಿಗಳನ್ನು ಇಳಿಸಿದ. ಒಂದು ಸಾಲು ಹಾಡಿ, "ಸುವ್ವಿ" ಅನ್ನುವ ಜಾಗವನ್ನು ಖಾಲಿ ಬಿಟ್ಟ. ಕತ್ತೆ ಅಲ್ಲಿ ಅರಚಿತು. ಇನ್ನೊಂದು ಸಾಲು ಹಾಡಿದ, ಕತ್ತೆ ಮತ್ತೆ ಅಲ್ಲಿಗೇ ಬಂತು. ಕಿವಿ ನೆಟ್ಟಗಾದವು. ಸೋವಿದೇವ ದಣಿದು ಹಾಡು ನಿಲ್ಲಿಸಿದರೂ ಕತ್ತೆ ಬಿಡಲಿಲ್ಲ, ಕಾಲು ಕುಟ್ಟಿ ತಾನೇ ಎತ್ತಿಕೊಂಡಿತು.

ಠಣ್ ಅಂತ ಮುಚ್ಚಳ ಹಾರಿತು. ದನಿಗಳೆಲ್ಲ ಊರಿನ ಕಡೆ ಹೊರಟವು. ಘೂಕಾಕ್ಷ ಶಪಿಸಲು ಕೈಯೆತ್ತಿದ. ಬಾಯಿ ಆಡಿತು, ದನಿ ಬರಲಿಲ್ಲ.

ಮಾರನೆಯ ಬೆಳಗ್ಗೆ ಮಕ್ಕಳು ಹಾಡಿದರು. ನೀರು ಏರಿತು, ಆದರೆ ಕೊಡ ಮುಳುಗುವಷ್ಟು ಬರಲಿಲ್ಲ. ಸೋವಿದೇವ ಸಾಲುಗಳನ್ನು ನೋಡಿದ. ಹಿಂದಿನ ಸಾಲಿನಲ್ಲಿ ಬೊಮ್ಮಕ್ಕ ಬರೀ ಬಾಯಿ ಆಡಿಸುತ್ತಿದ್ದಳು.

"ಮಗಾ, ನಿನ್ನ ದನಿ ವಾಪಸ್ ಬರಲಿಲ್ಲವಾ?"

"ಬಂದಿದೆ ಗುರುಗಳೇ. ನೀವೇ ಬೇಡ ಅಂದಿದ್ದಿರಲ್ಲ."

ಸೋವಿದೇವ ಅವಳ ಮುಂದೆ ನೆಲದ ಮೇಲೆ ಕೂತ. "ಹಾಗೆ ಅಂದದ್ದು ನನ್ನ ತಪ್ಪು ತಾಯಿ. ನೀನು ಎಲ್ಲಿಂದ ಹಾಡುತ್ತೀಯೋ ಹಾಡು, ನಾವು ಅಲ್ಲಿಗೆ ಬರುತ್ತೇವೆ" ಅಂದ.

ಅವಳು ತಲೆ ಎತ್ತಿದಳು. ಆಮೇಲೆ ಹಾಡಿದಳು. ದನಿ ಒಡೆಯಿತು, ಜಾರಿತು, ಒಂದು ಕಡೆ ನಿಂತಿತು. ಅವನು ತಂತಿ ಅಲ್ಲಿಗೆ ಇಳಿಸಿದ. ಇಡೀ ಪಾಠಶಾಲೆ ಆ ಶ್ರುತಿಗೆ ಸೇರಿಕೊಂಡಿತು. ಬಾವಿ ತುಂಬಿ, ಕಟ್ಟೆ ದಾಟಿ, ನೋಡಲು ಬಂದಿದ್ದ ಅರಸರ ಕಾಲು ನೆನೆಸಿತು.

ಘೂಕಾಕ್ಷ ಈಗಲೂ ಗುಡ್ಡದ ಮೇಲೆ ಬಾಯಿ ಆಡಿಸುತ್ತಿದ್ದಾನಂತೆ. ಕತ್ತೆ ಪಾಠಶಾಲೆಗೆ ಸೇರಿಕೊಂಡಿದೆ, ಸುವ್ವಿಯ ಜಾಗ ಅದರದೇ. ಅವರು ಅಲ್ಲಿ ಹೊಟ್ಟೆ ತುಂಬ ನೀರು ಕುಡಿದು ತಣ್ಣಗಿದ್ದಾರೆ, ನಾವು ಇಲ್ಲಿ ಅವರ ಕತೆ ಹೇಳಿಕೊಂಡಿದ್ದೇವೆ.