ಎರಡು ಬೆರಳು ಸಂದು

“ವ್ಯತ್ಯಾಸ ಸೊನ್ನೆ. ಕೆಲಸ ಮಾಡಬಹುದು,” ಎಂದಿತು ಪೆಟ್ಟಿಗೆ.

ಏಳನೆಯ ಸುರಂಗದ ಆರು ಕಾರ್ಮಿಕರು ಸಲಿಕೆ ಎತ್ತಿಕೊಂಡರು. ಛಾವಣಿಯನ್ನು ಹಾರೆಯಿಂದ ಬಡಿದು ಸದ್ದು ಆಲಿಸುವ ಪದ್ಧತಿ ಗಣಿಗಳಲ್ಲಿ ನಿಂತು ಹತ್ತು ವರ್ಷಗಳಾಗಿದ್ದವು. ಈಗ ನೆಲದ ಮೇಲಿಟ್ಟ ಪೆಟ್ಟಿಗೆಯೊಳಗಿನ ಲೇಸರ್ ದೂರಮಾಪಕ ನಿಮಿಷಕ್ಕೊಮ್ಮೆ ಬೆಳಕು ಹಾಯಿಸಿ ಛಾವಣಿಯ ಎತ್ತರ ಅಳೆಯುತ್ತಿತ್ತು. ಅದಕ್ಕೆ ತಂತಿಯಿಂದ ಜೋಡಿಸಿದ ಕಿರುನಿಯಂತ್ರಕ, ಉಗುರಿನಷ್ಟು ಚಿಕ್ಕ ಚಿಪ್, ಆ ಅಂಕಿಯನ್ನು ಮೂಲ ಅಳತೆಗೆ ಹೋಲಿಸುತ್ತಿತ್ತು. ಮೂರು ಮಿಲಿಮೀಟರ್ ತಗ್ಗಿದರೆ ಸೈರನ್. ಕಲ್ಲಿನ ಮನಸ್ಸು ತಿಳಿಯಲು ಇಷ್ಟು ಸಾಕೆಂದು ಎಲ್ಲರೂ ಒಪ್ಪಿದ್ದರು. ಕಲ್ಲನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಅಂದು ತಪಾಸಣೆಗೆ ಬಂದಿದ್ದವಳು ಪೆಟ್ಟಿಗೆಯನ್ನು ರೂಪಿಸಿದ ವಿಜ್ಞಾನಿ ಮಂದಾಕಿನಿ.

“ಬಾಯಾರ, ನನ್ನ ಹೆಲ್ಮೆಟ್ ಮ್ಯಾಲೆ ತಾಗಾಕತ್ತೈತ್ರಿ,” ಎಂದ ಎಲ್ಲರಿಗಿಂತ ಎತ್ತರದ ಹುಸೇನಪ್ಪ. “ಹ್ವಾದ ತಿಂಗಳು ಎರಡು ಬೆರಳು ಸಂದಿತ್ತು.”

“ರುಮಾಲಿನ ಮೇಲೆ ಹೆಲ್ಮೆಟ್ ಇಟ್ಟರೆ ತಾಗದೆ ಇರುತ್ತಾ?” ಎಂದಳು ಮಂದಾಕಿನಿ.

“ಮಗಳ ಮದುವಿಗೆ ಹೊಸಾ ರುಮಾಲು ತಗೊಂಡಾನ್ರಿ,” ಎಂದ ಮೇಸ್ತ್ರಿ ಮರಿಬಸಪ್ಪ. “ತೋರಸಾಕ ಒಂದು ನೆವ ಬೇಕಲ್ಲ!”

ಎಲ್ಲರೂ ನಕ್ಕರು. ಹುಸೇನಪ್ಪ ರುಮಾಲು ಬಿಚ್ಚಿ, ಬರೀ ತಲೆಗೆ ಹೆಲ್ಮೆಟ್ ಇಟ್ಟುಕೊಂಡ. ಅದು ಹುಬ್ಬಿನವರೆಗೆ ಜಾರಿತು. ನೆಟ್ಟಗೆ ನಿಂತ.

ಹೆಲ್ಮೆಟ್ ಛಾವಣಿಗೆ ಕರ್ರ್ ಎಂದು ಗೀರಿತು.

ನಗು ನಿಂತಿತು. ಮಂದಾಕಿನಿಯ ಕನ್ನಡಕದ ಮೇಲೆ ಒಂದು ಚಿಟಿಕೆ ಮಣ್ಣು ಉದುರಿತು. ಅವಳು ಪೆಟ್ಟಿಗೆಯತ್ತ ಬಾಗಿದಳು. “ಈ ಸೊನ್ನೆ ಗುಂಡಿ ಯಾರಾದರೂ ಒತ್ತಿದ್ರಾ?”

“ನಾನ ಒತ್ತೀನ್ರಿ, ದಿನಾ ಮುಂಜಾನೆ,” ಎಂದ ಮೇಸ್ತ್ರಿ ಹೆಮ್ಮೆಯಿಂದ. “ಇಪ್ಪತ್ತು ವರ್ಷ ಅದಿರು ತೂಗೋ ಕಾಟಾ ನೋಡ್ಕೊಂಡಾಂವ ನಾ. ಮೊದಲು ಸೊನ್ನಿಗೆ ತರಬೇಕು, ಆಮ್ಯಾಲೆ ತೂಗಬೇಕು.”

ಅದು ಪೆಟ್ಟಿಗೆಯನ್ನು ಕೂರಿಸುವ ದಿನ ಒಮ್ಮೆ ಮಾತ್ರ ಒತ್ತಬೇಕಾದ ಗುಂಡಿ. ಪ್ರತಿ ಬೆಳಿಗ್ಗೆ ಮೇಸ್ತ್ರಿಯ ಶಿಸ್ತು, ಅಷ್ಟರೊಳಗೆ ತಗ್ಗಿದ ಛಾವಣಿಯನ್ನೇ ಹೊಸ ಮೂಲ ಅಳತೆಯಾಗಿ ಬರೆಸುತ್ತ ಬಂದಿತ್ತು. ಮಂದಾಕಿನಿ ಮೊದಲ ದಿನದ ಅಂಕಿ ಹುಡುಕಿ, ಅದರಿಂದ ಇಂದಿನದನ್ನು ಕಳೆದಳು.

“ನಲವತ್ತೊಂದು ಮಿಲಿಮೀಟರ್.”

“ಅಂದ್ರ?”

“ಎರಡು ಬೆರಳು.”

ಬಾಗಿಕೊಂಡೇ ಓಡಿದರು. ಸುರಂಗದ ಬಾಯಿಗೆ ಬಂದು ತಲೆ ಎಣಿಸುತ್ತಿರುವಾಗ ಹಿಂದೆ ಬೆಟ್ಟ ಒಮ್ಮೆ ಕೆಮ್ಮಿತು. ದೂಳು ಹೊರಬಂತು. ಅದರ ಹಿಂದೆ, ಕಲ್ಲಿನಡಿಯಿಂದ, ಸೈರನ್, ಆಮೇಲೆ ಸೌಜನ್ಯದ ದನಿ: “ಛಾವಣಿ ತಗ್ಗಿದೆ. ದಯವಿಟ್ಟು ಹೊರಗೆ ಹೋಗಿ.”

ಎರಡು ತಿಂಗಳ ನಂತರ ಎಂಟನೆಯ ಸುರಂಗಕ್ಕೆ ಗುಂಡಿಯೇ ಇಲ್ಲದ ಪೆಟ್ಟಿಗೆ ಬಂತು. ಮೇಸ್ತ್ರಿ ಮರಿಬಸಪ್ಪ ಹುಸೇನಪ್ಪನಿಗೆ ಹೊಸದೊಂದು ರುಮಾಲು ತಂದ.

“ಬ್ಯಾಡ್ರಿ. ಅಳತಿ ತಪ್ಪತೈತಿ,” ಎಂದ ಹುಸೇನಪ್ಪ.

“ವ್ಯತ್ಯಾಸ ಸೊನ್ನೆ. ಕೆಲಸ ಮಾಡಬಹುದು,” ಎಂದಿತು ಹೊಸ ಪೆಟ್ಟಿಗೆ. ಯಾರೂ ಸಲಿಕೆ ಮುಟ್ಟಲಿಲ್ಲ. ಮಂದಾಕಿನಿಯೂ ಸೇರಿ ಎಲ್ಲರೂ ಹುಸೇನಪ್ಪನ ಹೆಲ್ಮೆಟ್ಟನ್ನೇ ನೋಡುತ್ತಿದ್ದರು.

“ನಿಂದ್ರೋ ಮಾರಾಯ,” ಎಂದ ಮೇಸ್ತ್ರಿ ಮೆಲ್ಲಗೆ. “ನೀ ನೆಟ್ಟಗ ನಿಂತ್ರ ನಾವು ಕೆಲಸ ಸುರು ಮಾಡಾದು.”

ಹುಸೇನಪ್ಪ ಗೋಡೆ ಹಿಡಿದುಕೊಂಡ. ಹೆಲ್ಮೆಟ್ ಛಾವಣಿಗೆ ಇನ್ನೂ ಗೇಣು ದೂರವಿರುವಾಗಲೇ ಬೆನ್ನು ತಾನಾಗಿ ಬಾಗುತ್ತಿತ್ತು. ಎಷ್ಟು ಪ್ರಯತ್ನಿಸಿದರೂ ಅವನಿಗೆ ನೆಟ್ಟಗೆ ನಿಲ್ಲಲಾಗಲಿಲ್ಲ.