ಎದೆಗಾನಿಸಿಕೊಂಡ ಕೂಸು

"ತಲೆನೋವಂತೆ, ಕಣ್ಣು ಮಂಜಂತೆ… ಏಳು ತಿಂಗಳ ಬಸುರಿಗೆ ಇದೆಲ್ಲ ಇಲ್ಲದೆ ಇನ್ನೇನಿರ್ತದೆ? ನಾವು ಹೊಟ್ಟೆ ಹೊತ್ತುಕೊಂಡೇ ದ್ರಾಕ್ಷಿ ಕೊಯ್ದವರು. ನಾಟಕ ಆಡಬ್ಯಾಡ."

ಮುತ್ತುಮಾರಿ ಈ ಮಾತು ಹೇಳುವಾಗ ಒಲೆಯ ಕಡೆ ಮುಖ ಮಾಡಿದ್ದಳು. ಹಿಂದಿನಿಂದ ಚೊಂಬೊಂದು ಉರುಳಿಕೊಂಡು ಬಂದು ಅವಳ ಕಾಲಿಗೆ ತಾಗಿತು. ತಿರುಗಿ ನೋಡಿದರೆ ಸೊಸೆ ಮಣಿಮೇಗಲೈ ನೆಲಕ್ಕೆ ಬಿದ್ದಿದ್ದಾಳೆ. ಕಣ್ಣು ಮೇಲೆ ಸಿಕ್ಕಿಕೊಂಡಿದೆ, ಹಲ್ಲು ಕಚ್ಚಿದೆ, ಕೈಕಾಲು ಸೆಟೆದು ಸೆಟೆದು ಅದುರುತ್ತಿವೆ… ಆ ಊದಿದ ಪಾದಗಳನ್ನು ಮುತ್ತುಮಾರಿ ಒಂದು ವಾರದಿಂದ ದಿನವೂ ನೋಡಿದ್ದಳು. ನೋಡಿಯೂ ನೋಡದವಳಂತೆ ಇದ್ದಳು.

ಕಂಬಂ ಪಕ್ಕದ ಆ ಊರಿನಲ್ಲಿ ಅವರದು ದ್ರಾಕ್ಷಿ ತೋಟದ ಮನೆ. ಯಾವ ಕಾಲದಲ್ಲೋ ಮೇಲಿನ ಸೀಮೆಯಿಂದ ಇಳಿದು ಬಂದ ಕನ್ನಡದ ಒಕ್ಕಲು. ಹೊಸ್ತಿಲ ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಒಬ್ಬನೇ ಮಗ ಶಿವಬಾಲನ್‌ಗೆ ತನ್ನ ಅಣ್ಣನ ಮಗಳನ್ನು ತರಬೇಕೆಂದು ಮುತ್ತುಮಾರಿ ಮನಸ್ಸಿನಲ್ಲೇ ಮದುವೆ ಮಾಡಿ ಮುಗಿಸಿದ್ದಳು. ಅವನು ಬತ್ತಲಗುಂಡಿನ ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದವನು, ಚಿನ್ನಾಳಪಟ್ಟಿಯ ನೇಕಾರರ ಮಗಳಿಗೆ ಮಾಲೆ ಹಾಕಿ ಮದುವೆಯಾಗಿ ಕರೆತಂದು ನಿಲ್ಲಿಸಿದ. ತಾಯಿಯಿಲ್ಲದ ಹುಡುಗಿ, ಕನ್ನಡ ಬಾರದ ಹುಡುಗಿ. ಮುತ್ತುಮಾರಿ ಅವಳನ್ನು ಹೊಡೆಯಲಿಲ್ಲ, ಬಡಿಯಲಿಲ್ಲ, ಉಪವಾಸ ಕೆಡವಲಿಲ್ಲ. ಬಸ್ ಕಂಡಕ್ಟರನ ಹತ್ತಿರ, ಹಾಲಿನವನ ಹತ್ತಿರ, ಕೊನೆಗೆ ಬೇಲಿ ಹಾರಿದ ಮೇಕೆಯ ಹತ್ತಿರವೂ ತಮಿಳು ಆಡುತ್ತಿದ್ದ ಅವಳು ಸೊಸೆಯ ಹತ್ತಿರ ಮಾತ್ರ ಒಂದು ತಮಿಳು ಮಾತೂ ಆಡಲಿಲ್ಲ. ಎಲ್ಲವೂ ಕನ್ನಡದಲ್ಲೇ, ಅದೂ ಉಸಿರು ಬಿಡದ ವೇಗದಲ್ಲಿ. ಹುಡುಗಿ ಅರ್ಥವಾಗದೆ ನಿಂತರೆ ಅಕ್ಕಪಕ್ಕದವರ ಮುಂದೆ ನಕ್ಕು ಬಿಡುವುದು. ಕಲಿತು ಎರಡು ಮಾತು ಆಡಿದರೆ ಅದನ್ನೇ ಅಣಕಿಸುವುದು. ಹದಿನಾಲ್ಕು ತಿಂಗಳು ಹೀಗೆಯೇ ನಡೆದಿತ್ತು.

ಆಂಬುಲೆನ್ಸ್ ತೇನಿಯ ದೊಡ್ಡ ಸರ್ಕಾರಿ ಆಸ್ಪತ್ರೆ ಮುಟ್ಟಿದ ಅರ್ಧ ಗಂಟೆಯಲ್ಲಿ ಆಪರೇಷನ್ ಆಯಿತು. ರಕ್ತದೊತ್ತಡ ಏರಿ ಫಿಟ್ಸ್ ಬಂದಿದೆ, ಕಾಲು ಊದುವುದು, ತಲೆನೋವು, ಕಣ್ಣು ಮಂಜಾಗುವುದು ಎಲ್ಲ ಅದರ ಸೂಚನೆ, ಎರಡು ದಿನ ಮೊದಲೇ ಕರೆತರಬಾರದಿತ್ತೇ ಎಂದು ಡಾಕ್ಟರಮ್ಮ ಕೇಳಿದರು. ಶಿವಬಾಲನ್ ತಾಯಿಯ ಕಡೆ ತಿರುಗಿ ನೋಡಿದ. ಮುತ್ತುಮಾರಿ ಏನೋ ಹೇಳಲು ಬಾಯಿ ತೆರೆದಳು.

"ಈಗ ನಿನ್ನ ಮಾತು ಬ್ಯಾಡವ್ವ," ಎಂದ ಮಗ.

ಮಣಿಮೇಗಲೈ ಪ್ರಜ್ಞೆಯಿಲ್ಲದೆ ತೀವ್ರ ನಿಗಾ ಘಟಕದಲ್ಲಿ ಮಲಗಿದ್ದಳು. ಕೂಸು ಇನ್ನೊಂದು ಕಟ್ಟಡದಲ್ಲಿ, ಗಾಜಿನ ಬಾಗಿಲಾಚೆ. ಹೆಣ್ಣು ಮಗು, ಒಂದು ಕಿಲೋ ಇನ್ನೂರ ನಲವತ್ತು ಗ್ರಾಂ. ಎಲ್ಲರೂ ಹೋಗಿ ಗಾಜಿಗೆ ಮುಖವಿಟ್ಟು ನೋಡಿ ಬಂದರು. ಮುತ್ತುಮಾರಿ ಮಾತ್ರ ಆ ಕಡೆ ಸುಳಿಯಲಿಲ್ಲ. ಹೆಣ್ಣಾಯಿತೆಂದು ಮುದುಕಿಗೆ ಮುನಿಸು ಎಂದುಕೊಂಡ ಮಗ. ಅವಳ ಗಂಡ ಮುತ್ತಯ್ಯನಿಗೆ ಮಾತ್ರ ಕಾರಣ ಗೊತ್ತಿತ್ತು. ಅವನು ಅದನ್ನು ಬಾಯಿಬಿಟ್ಟು ಹೇಳುವ ಜಾತಿಯವನಲ್ಲ.

ಶಿವಬಾಲನ್ ಹುಟ್ಟುವ ಎರಡು ವರ್ಷ ಮೊದಲು ಮುತ್ತುಮಾರಿಗೂ ಒಂದು ಹೆಣ್ಣು ಮಗು ಹುಟ್ಟಿತ್ತು, ಏಳನೇ ತಿಂಗಳಲ್ಲೇ. ಅಂಗೈಗಿಂತ ಒಂದಿಷ್ಟು ದೊಡ್ಡದು. ಅವಳ ಅತ್ತೆ ಅದನ್ನು ಹತ್ತಿಯಲ್ಲಿ ಸುತ್ತಿ, ಮೊರದಲ್ಲಿಟ್ಟು, ಕೋಣೆಯ ಮೂಲೆಗೆ ಸರಿಸಿದ್ದಳು. ಮುಟ್ಟಬೇಡ, ಮುಟ್ಟಿ ಅಂಟಿಕೊಂಡರೆ ಆಮೇಲೆ ಮರೆಯಲಾರೆ ಎಂದಿದ್ದಳು. ಎರಡು ಮಾರು ದೂರದ ಚಾಪೆಯ ಮೇಲೆ ಮಲಗಿ, ಎದೆಯಲ್ಲಿ ಹಾಲು ಕಟ್ಟಿ ನೋಯುತ್ತಿರುವಾಗ, ಮುತ್ತುಮಾರಿ ಆ ಮೊರವನ್ನೇ ನೋಡುತ್ತಿದ್ದಳು. ಮೊದಲ ದಿನ ಬೆಕ್ಕಿನ ಮರಿಯಂಥ ಸಣ್ಣ ದನಿ ಬರುತ್ತಿತ್ತು. ಎರಡನೆಯ ದಿನ ಆಗೊಮ್ಮೆ ಈಗೊಮ್ಮೆ. ಮೂರನೆಯ ದಿನ… ಮುಟ್ಟದೆ ಇದ್ದರೆ ಮರೆಯಬಹುದು ಎಂದ ಅತ್ತೆಯ ಮಾತು ಶುದ್ಧ ಸುಳ್ಳಾಗಿತ್ತು!

ಐದನೆಯ ದಿನ ಕೂಸಿನ ಮೂಗಿನ ಗಾಳಿಯ ಕೊಳವೆ ತೆಗೆದರು. ತೂಕ ಒಂದು ಕಿಲೋ ನೂರೈವತ್ತಕ್ಕೆ ಇಳಿದಿತ್ತು. ತಮಿಳರಸಿ ಎಂಬ ನರ್ಸ್ ಹೊರಗೆ ಬಂದು, ಇನ್ನು ಮಗುವನ್ನು ಯಾರಾದರೂ ಬರಿ ಎದೆಗೆ ಆನಿಸಿಕೊಂಡು ಕೂರಬೇಕು, ಮೈಗೆ ಮೈ ತಾಗಬೇಕು, ದಿನಕ್ಕೆ ಎಷ್ಟು ಗಂಟೆ ಆದರೆ ಅಷ್ಟು ಒಳ್ಳೆಯದು ಎಂದಳು. ಕಾಂಗರೂ ಹೊಟ್ಟೆಯ ಚೀಲದಲ್ಲಿ ಮರಿ ಇರುವುದಿಲ್ಲವೇ, ಹಾಗೆ. ತಾಯಿಗೆ ಆಗದಿದ್ದರೆ ತಂದೆ. ಶಿವಬಾಲನ್ ಎದ್ದು ನಿಂತ, ನಿಂತವನೇ ಕೆಮ್ಮಿದ. ನೆಗಡಿ ಹಿಡಿದವರು ಬಾಗಿಲ ಹತ್ತಿರವೂ ಬರಕೂಡದೆಂದು ಅವಳು ಕೈ ಅಡ್ಡ ಹಿಡಿದಳು. ಆಮೇಲೆ ಬೆಂಚಿನ ತುದಿಯಲ್ಲಿ ಕೂತ ಮುದುಕಿಯನ್ನು ನೋಡಿದಳು.

"ನನ್ನ ಕೈ ಒಳ್ಳೇದಲ್ಲ ತಾಯಿ," ಎಂದಳು ಮುತ್ತುಮಾರಿ. ತಮಿಳಿನಲ್ಲಿ, ಒಂದೊಂದೇ ಪದವಾಗಿ, ಮೂವತ್ತೆರಡು ವರ್ಷ ಯಾರಿಗೂ ಹೇಳದಿದ್ದ ಮೊರದ ಕಥೆಯನ್ನು ಆ ನರ್ಸಿಗೆ ಹೇಳಿದಳು. ಪಕ್ಕದಲ್ಲಿ ನಿಂತ ಶಿವಬಾಲನ್ ಕೂಡ ಅದನ್ನು ಕೇಳಿದ್ದು ಅದೇ ಮೊದಲು.

ತಮಿಳರಸಿ ಪಕ್ಕದಲ್ಲಿ ಕೂತು, ತನ್ನ ಅಜ್ಜಿಯನ್ನು ಕರೆಯುವ ಹಾಗೆ ಕರೆದು ಹೇಳಿದಳು: "ಪಾಟ್ಟಿ, ಆಗ ಎದೆಗೆ ಹಾಕಿಕೋ ಅಂತ ನಿಮಗೆ ಯಾರೂ ಹೇಳಲಿಲ್ಲ. ಈಗ ನಾನು ಹೇಳ್ತಿದ್ದೀನಿ."

ಮುತ್ತುಮಾರಿ ಸ್ನಾನ ಮಾಡಿದಳು. ಉಗುರು ಕತ್ತರಿಸಿಕೊಂಡಳು, ಕೈಬಳೆ ಕಳಚಿಟ್ಟಳು, ತಾಳಿಯನ್ನು ಬೆನ್ನಿಗೆ ಎಸೆದುಕೊಂಡಳು. ಅರವತ್ತರ ಹತ್ತಿರದ ಹೆಂಗಸು, ಪರರೆದುರು ಸೆರಗು ಜಾರಿಸಿದವಳಲ್ಲ. ಆಸ್ಪತ್ರೆಯವರು ಕೊಟ್ಟ, ಮುಂಭಾಗ ತೆರೆದಿದ್ದ ನಿಲುವಂಗಿ ತೊಟ್ಟು ಒರಗು ಕುರ್ಚಿಯಲ್ಲಿ ಕೂತಾಗ ನಾಚಿಕೆಗೆ ಕಿವಿ ಬಿಸಿಯಾಯಿತು. ಟೋಪಿ, ಕಾಲುಚೀಲ, ಒಂದು ಪುಟ್ಟ ಲಂಗೋಟಿ, ಅಷ್ಟೇ ತೊಟ್ಟ ಕೂಸನ್ನು ತಮಿಳರಸಿ ಅವಳ ಎರಡು ಮೊಲೆಗಳ ನಡುವೆ ಕಪ್ಪೆಯ ಹಾಗೆ ಕೂರಿಸಿ, ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ಬಟ್ಟೆಯಿಂದ ಬಿಗಿದಳು. ಭಾರವೇ ಇಲ್ಲ. ನಾಲ್ಕು ಗೊಂಚಲು ದ್ರಾಕ್ಷಿ ಇದಕ್ಕಿಂತ ಹೆಚ್ಚು ತೂಗುತ್ತದೆ! ಆದರೆ ಆ ಇಲ್ಲದ ಭಾರದೊಳಗೆ ಏನೋ ಪಟಪಟನೆ ಓಡುತ್ತಿತ್ತು. ಅದು ಕೂಸಿನ ಗುಂಡಿಗೆ. ಮುತ್ತುಮಾರಿ ಉಸಿರು ಹಿಡಿದಳು. ಕೂಸು ಒಮ್ಮೆ ಬೆಚ್ಚಿ, ಕಡ್ಡಿಯಂಥ ಐದು ಬೆರಳು ಬಿಚ್ಚಿ, ಅವಳ ಸುಕ್ಕು ಚರ್ಮವನ್ನು ಹಿಡಿದುಕೊಂಡಿತು. ಹಿಡಿದದ್ದು ಬಿಡಲಿಲ್ಲ.

"ಉಸಿರು ಬಿಡಿ ಪಾಟ್ಟಿ," ತಮಿಳರಸಿ ನಕ್ಕಳು. "ನೀವು ಬಿಟ್ಟರೇನೇ ಅವಳಿಗೂ ಉಸಿರಾಡೋದು ನೆನಪಾಗೋದು."

ಮುತ್ತುಮಾರಿ ಉಸಿರು ಬಿಟ್ಟಳು. ಅದರ ಜೊತೆಗೆ ಅಳುವೂ ಬಂತು. ಅಲುಗಾಡಿದರೆ ಕೂಸಿಗೆ ತೊಂದರೆಯೆಂದು ಸದ್ದಿಲ್ಲದೆ, ಭುಜ ಕದಲಿಸದೆ ಅತ್ತಳು.

ಮಾರನೆಯ ಬೆಳಿಗ್ಗೆ ತಕ್ಕಡಿಯ ಮುಂದೆ ಎಲ್ಲರಿಗಿಂತ ಮೊದಲು ನಿಂತವಳು ಅವಳೇ. ತೂಕ ಇಳಿದಿರಲಿಲ್ಲ. ಅದರ ಮರುದಿನ ಹದಿನೈದು ಗ್ರಾಂ ಏರಿತ್ತು. ಹದಿನೈದು ಗ್ರಾಂ! ಮುತ್ತುಮಾರಿ ತೋಟದಲ್ಲಿದ್ದ ಮುತ್ತಯ್ಯನಿಗೆ ಫೋನ್ ಮಾಡಿ ಕೂಗಿದ ಸದ್ದಿಗೆ ವರಾಂಡದ ಕಾವಲುಗಾರ ಎದ್ದು ಬಂದ. ಹದಿನೈದು ಗ್ರಾಂ ಎಂದರೆ ಎಷ್ಟು ಎಂದು ಮುತ್ತಯ್ಯ ಕೇಳಿದನಂತೆ. ಮೂರು ಒಳ್ಳೆ ದ್ರಾಕ್ಷಿ ಹಣ್ಣಿನಷ್ಟು ಎಂದಳಂತೆ. ಅಂದಿನಿಂದ ಬೆಳಗಿನ ಫೋನಿಗೆ ಅವನು ಮೋಟಾರು ನಿಲ್ಲಿಸಿ, ಚಪ್ಪರದ ಕೆಳಗೆ ಕಾದು ನಿಲ್ಲತೊಡಗಿದ. ಯಾರೋ ತಾಯಂದಿರು ಕೊಟ್ಟು ಹೋದ ಹಾಲು ಕೊಳವೆಯಲ್ಲಿ ಎರಡೆರಡು ಗಂಟೆಗೆ ಇಳಿಯುವುದು, ಒಂದು ಸೀನು, ಒಂದು ಆಕಳಿಕೆ, ಮೊದಲ ಸಲ ಅರೆಬಿರಿದ ಕಣ್ಣು, ಒಂದೊಂದೂ ದೊಡ್ಡ ಸುದ್ದಿ. ಊರಿನ ಹೆಂಗಸರು ಹೊಲದ ದಾರಿಯಲ್ಲಿ ಮುತ್ತಯ್ಯನನ್ನು ತಡೆದು ಇವತ್ತೆಷ್ಟು ಎಂದು ಕೇಳುತ್ತಿದ್ದರು. ಮುತ್ತುಮಾರಿ ಆ ಕುರ್ಚಿಯಲ್ಲಿ ದಿನಕ್ಕೆ ಹತ್ತು ಗಂಟೆ ಕೂರುತ್ತಿದ್ದಳು, ಬೆನ್ನು ಕಲ್ಲಾಗುತ್ತಿತ್ತು. ಏಳಲು ಹೇಳಿದರೆ, ಕೂಸು ಈಗ ತಾನೇ ಮಲಗಿದೆ ಎನ್ನುತ್ತಿದ್ದಳು.

ಹತ್ತನೆಯ ದಿನ ಮಣಿಮೇಗಲೈಯನ್ನು ಗಾಲಿಕುರ್ಚಿಯಲ್ಲಿ ಕರೆತಂದರು. ಪ್ರಜ್ಞೆ ಬಂದಾಗಿನಿಂದ ಫೋನಿನ ಚಿತ್ರದಲ್ಲಷ್ಟೇ ಮಗುವನ್ನು ನೋಡಿದ್ದವಳು. ಮುಖ ಬಿಳಿಚಿತ್ತು, ಕೈಯಲ್ಲಿ ಸೂಜಿಯ ನೀಲಿ ಕಲೆಗಳಿದ್ದವು. ಬಾಗಿಲಲ್ಲಿ ಅವಳಿಗೆ ಮೊದಲು ಕಂಡದ್ದು ಅತ್ತೆಯ ಬರಿ ಎದೆ, ಅದರ ಮೇಲೆ ತನ್ನ ಕೂಸು. ನನ್ನ ಮಗುವನ್ನು ಕೊಡಿ ಎಂದು ತಮಿಳಿನಲ್ಲಿ ಕೇಳಿದಳು. ಕೇಳಿದ್ದಲ್ಲ, ಬೇಡಿದಳು, ಈ ಹೆಂಗಸು ಇದನ್ನೂ ಕೊಡಲಾರಳು ಎಂಬ ಹೆದರಿಕೆ ಆ ದನಿಯಲ್ಲಿತ್ತು. ಅದು ಮುತ್ತುಮಾರಿಯ ಎದೆಗೆ ಚುಚ್ಚಿತು.

ಬಟ್ಟೆ ಬಿಚ್ಚಿ ಕೂಸನ್ನು ತಾಯಿಯ ಎದೆಗೆ ಕಟ್ಟಿದರು. ನಿತ್ರಾಣದ ಕೈ ನಡುಗುತ್ತಿತ್ತು. ಕೂಸು ಬೆಚ್ಚಿತು, ಕೀಚಿತು, ಪಕ್ಕದ ಯಂತ್ರ ಬೀಪ್ ಎಂದಿತು. ಮಣಿಮೇಗಲೈ ಬಿಕ್ಕಿದಳು. ಇವಳಿಗೆ ನನ್ನ ಗುರುತೇ ಇಲ್ಲ… ನನ್ನಿಂದ ಆಗುವುದಿಲ್ಲ… ತೆಗೆದುಕೊಳ್ಳಿ, ನೀವೇ ಇಟ್ಟುಕೊಳ್ಳಿ… ಎಂದು ಅತ್ತೆಯ ಕಡೆ ಕೂಸನ್ನು ಚಾಚಿದಳು.

ಮುತ್ತುಮಾರಿಯ ಕೈಗಳು ತಾವಾಗಿಯೇ ಮುಂದೆ ಹೋದವು. ಅವಳು ಅವುಗಳನ್ನು ಹಿಂದಕ್ಕೆ ಎಳೆದುಕೊಂಡಳು. ಸೊಸೆಯ ಬೆನ್ನ ಹಿಂದೆ ಹೋಗಿ ನಿಂತು, ತನ್ನ ಹೊಟ್ಟೆಗೆ ಅವಳ ತಲೆಯನ್ನು ಒರಗಿಸಿಕೊಂಡು, ಎರಡೂ ಮೊಣಕೈಗಳನ್ನು ಕೆಳಗಿನಿಂದ ಹಿಡಿದಳು. ಆಮೇಲೆ ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಅವಳೊಡನೆ ತಮಿಳಿನಲ್ಲಿ ಮಾತಾಡಿದಳು.

"ನನಗೆ ಕೊಡಬೇಡಮ್ಮ. ಈಗ ಕೊಟ್ಟರೆ ನಾನು ತಿರುಗಿ ಕೊಡಲಾರೆ ಅಂತ ನನಗೇ ಭಯ. ನಿನ್ನ ಕೈ ನಡುಗಲಿ, ನಾನು ಹಿಡಿದಿರ್ತೀನಿ. ತಲೆನೋವು ಅಂತ ನೀನು ಹೇಳಿದ್ದು ನನಗೆ ಅರ್ಥವಾಗಿತ್ತು. ಅರ್ಥವಾಗಿಯೂ ನಾಟಕ ಅಂದೆ. ಅದಕ್ಕೆ ಏನು ಶಿಕ್ಷೆ ಕೊಟ್ಟರೂ ತಗೋತೀನಿ."

ಯಂತ್ರದ ಸದ್ದು ನಿಂತಿತು. ಕೂಸು ಮೂಗಿನಿಂದ ಎದೆಯನ್ನು ತಡಕುತ್ತ, ಒಂದು ನಿಟ್ಟುಸಿರು ಬಿಟ್ಟು, ಅಲ್ಲೇ ಕೆನ್ನೆಯೂರಿತು. ಆಗ ಮಣಿಮೇಗಲೈ ಉತ್ತರ ಕೊಟ್ಟಳು, ತೊದಲು ಕನ್ನಡದಲ್ಲಿ.

"ನಾನು ಮರೆಯಲ್ಲ ಅತ್ತೆ. ಮರೀಬೇಕು ಅಂತ ಕೇಳಬ್ಯಾಡಿ. ಆದ್ರೆ… ಕೈ ಬಿಡಬ್ಯಾಡಿ."

ಮುತ್ತುಮಾರಿ ಬಿಡಲಿಲ್ಲ. ಮೂರು ದಿನ ಹಾಗೆ ಕೂತ ಮೇಲೆ, ಬತ್ತಿತೆಂದುಕೊಂಡಿದ್ದ ಹಾಲು ಒಂದು ಮಧ್ಯಾಹ್ನ ತಾಯಿಯ ನಿಲುವಂಗಿಯನ್ನು ತೋಯಿಸಿತು. ಇಡೀ ವಾರ್ಡಿನ ತಾಯಂದಿರು ತಂತಮ್ಮ ಕೂಸುಗಳನ್ನು ಅಪ್ಪಿಕೊಂಡೇ ಕತ್ತು ಚಾಚಿ ನೋಡಿ ನಕ್ಕರು. ಶಿವಬಾಲನ್‌ನ ನೆಗಡಿ ಹೋಯಿತು. ಅವನೂ ಎದೆಗೂದಲ ಮೇಲೆ ಮಗಳನ್ನು ಮಲಗಿಸಿಕೊಂಡು, ತಾನು ಸೀನಿಬಿಟ್ಟೇನೆಂದು ಹೆದರಿ ಕೂರುತ್ತಿದ್ದ. ಒಂದು ಕಿಲೋ ಮುನ್ನೂರಿಪ್ಪತ್ತು. ಒಂದು ಕಿಲೋ ನಾನೂರ ಎಪ್ಪತ್ತು. ಕೊಳವೆ ಹೋಗಿ ಚಮಚ ಬಂತು, ಚಮಚ ಹೋಗಿ ಕೂಸು ತಾನೇ ಚೀಪತೊಡಗಿತು. ಮೂವತ್ತನಾಲ್ಕನೆಯ ದಿನ ಒಂದು ಕಿಲೋ ಆರುನೂರ ನಲವತ್ತು! ಮನೆಗೆ ಕರೆದುಕೊಂಡು ಹೋಗಬಹುದೆಂದು ಡಾಕ್ಟರಮ್ಮ ಚೀಟಿ ಬರೆದರು. ಎರಡೂವರೆ ಕಿಲೋ ಆಗುವವರೆಗೂ ಎದೆಗೆ ಕಟ್ಟಿಕೊಳ್ಳುವುದನ್ನು ಬಿಡಬಾರದು, ವಾರಕ್ಕೊಮ್ಮೆ ತೋರಿಸಬೇಕು ಎಂದರು.

ಯಾವ ಮನೆಗೆ? ಶಿವಬಾಲನ್ ನೆಲ ನೋಡುತ್ತ ಹೇಳಿದ. ತೇನಿಯಲ್ಲೇ, ಆಸ್ಪತ್ರೆಯ ಹತ್ತಿರ, ಒಂದು ಸಣ್ಣ ಮನೆ ಹಿಡಿದಿದ್ದಾನೆ. ಮಣಿ ಕಂಬಂನ ಮನೆಗೆ ಬರಲಾರಳಂತೆ, ಆ ಅಡುಗೆಮನೆಯನ್ನು ನೆನೆದರೇ ಅವಳಿಗೆ ಕೈಕಾಲು ತಣ್ಣಗಾಗುತ್ತದಂತೆ. ಮುತ್ತುಮಾರಿ ತಲೆಯಾಡಿಸಿದಳು. ಮೊಮ್ಮಗಳಿಗೆಂದು ಮುತ್ತಯ್ಯ ಮನೆಯ ಜಂತಿಗೆ ತೊಟ್ಟಿಲ ಕೊಂಡಿ ಬಿಗಿಸಿದ ಸುದ್ದಿಯನ್ನು ಅವಳು ಹೇಳಲಿಲ್ಲ. "ಅವಳ ನಿರ್ಧಾರ ಸರಿ ಮಗ," ಅಂದಳು ಅಷ್ಟೇ. ಮಗನನ್ನು ಕೂರಿಸಿ, ಬಟ್ಟೆಯ ಗಂಟು ಎಲ್ಲಿ ಬರಬೇಕು, ಕೂಸಿನ ಗದ್ದ ಎದೆಗೆ ಒತ್ತದಂತೆ ಹೇಗೆ ನೋಡಿಕೊಳ್ಳಬೇಕು, ಪಾದ ತಣ್ಣಗಾದರೆ ಏನು ಮಾಡಬೇಕು ಎಂದು ಎರಡೆರಡು ಸಲ ತೋರಿಸಿಕೊಟ್ಟಳು. ಎಲ್ಲ ಮುಗಿದ ಮೇಲೆ ಬಳೆ ತೊಟ್ಟು, ಚೀಲ ಹಿಡಿದು, ಕಂಬಂ ಬಸ್ಸಿಗೆ ಹೊರಟಳು. ಎದೆಯ ನಡುವೆ, ಕೂಸಿನ ಕೆನ್ನೆ ಇರುತ್ತಿದ್ದ ಜಾಗ, ಬಟ್ಟೆಯೊಳಗೂ ತಣ್ಣಗೆ ತಣ್ಣಗೆ ಅನ್ನಿಸುತ್ತಿತ್ತು…

ಗೇಟಿನ ಹತ್ತಿರ ಆಟೋ ಒಂದು ಅವಳ ಪಕ್ಕಕ್ಕೆ ಬಂದು ನಿಂತಿತು. ಒಳಗೆ ಮಣಿಮೇಗಲೈ, ಸೆರಗಿನೊಳಗೆ ಕೂಸು. ಶಿವಬಾಲನ್ ಚಾಲಕನ ಪಕ್ಕ ಮುದುರಿಕೊಂಡು ಕೂತಿದ್ದ. ಹಿಂದಿನ ಸೀಟಿನ ಅರ್ಧ ಖಾಲಿಯಿತ್ತು.

"ಅತ್ತೆ," ಮಣಿಮೇಗಲೈ ಕನ್ನಡದಲ್ಲೇ ಕೇಳಿದಳು, ಪದ ಹುಡುಕಿ ಹುಡುಕಿ. "ರಾತ್ರಿ ನಾನು ಹಿಡೀತೀನಿ. ಬೆಳಿಗ್ಗೆ ಇವರು. ಮಧ್ಯಾಹ್ನ ಯಾರು?"

ಮುತ್ತುಮಾರಿ ಅವಳ ಮುಖ ನೋಡಿದಳು. ಅಲ್ಲಿ ನಗು ಇರಲಿಲ್ಲ. ಆದರೆ ಹಗೆಯೂ ಇರಲಿಲ್ಲ. ಮುದುಕಿ ಚೀಲವನ್ನು ಮಗನ ಮಡಿಲಿಗೆ ತುರುಕಿ, ಆಟೋ ಹತ್ತಿದಳು. ಕೂತವಳೇ ಕೈಯ ಬಳೆಗಳನ್ನು ಒಂದೊಂದಾಗಿ ಕಳಚತೊಡಗಿದಳು.