ಮರಿಯ ಕೆನ್ನೆಯ ಬಿಳಿ ಕಲೆ

"ಮರಿ ಕೆನ್ನಿ ಮ್ಯಾಗಿನ ಬಿಳಿ ಕಲಿ ಅಳಸ್ರಿ."

ಏಣಿಯ ಮೇಲಿದ್ದ ಕೌಶಿಕ ಬ್ರಶ್ ಹಿಡಿದೇ ತಿರುಗಿದ. ಕೆಳಗೆ ನಿಂತವಳು ಸಾನಿಕಾ, ಬೀದರಿನ ಆ ಚಿಕ್ಕ ಮಕ್ಕಳ ಶಾಲೆಯ ಟೀಚರ್. ಅವಳ ಕಣ್ಣುಗಳು ತುಂಬಿದ್ದವು.

ಗೋಡೆಯ ತುಂಬ ಅವನು ಬರೆದ ಡೈನೋಸಾರ್ ಕುಟುಂಬ. ಅಜ್ಜನ ಸೊಟ್ಟ ಬಾಲ ಅಪ್ಪನಿಗೆ ಬಂದಿತ್ತು. ಅಪ್ಪನ ಉಬ್ಬು ಹಲ್ಲು ಮರಿಗೆ. ಅಮ್ಮನ ಮೈಮೇಲಿನ ಬಿಳಿ ಕಲೆಗಳೂ ಮರಿಗೆ.

"ಅವ್ವಗ ಇದ್ದದ್ದು ಮರಿಗಿ ಬರ್ತದಲ್ರಿ ಟೀಚರ್? ಪಾಠನೇ ಅದು."

"ಹಲ್ಲು ಬರ್ಲಿ, ಬಾಲ ಬರ್ಲಿ. ಅದೊಂದು ಬ್ಯಾಡ."

"ಮರಿಗಿ ನೀವೇ ಸ್ವಾದರತ್ತಿ ಇದ್ದಂಗ ಮರುಗ್ತೀರಲ್ರಿ," ಎಂದು ನಕ್ಕ.

ಅವಳು ನಗಲಿಲ್ಲ. ಅವನು ಆ ಕಲೆಯ ಮೇಲೆ ಹಸಿರು ಬಳಿದ.

ಗೋಡೆ ಮುಗಿದರೂ ಬಣ್ಣ ಸುಲಿದಿದೆಯೇ ನೋಡುವ ನೆಪದಲ್ಲಿ ತನ್ನೂರು ಭಾಲ್ಕಿಯಿಂದ ಬರುತ್ತಲೇ ಇದ್ದ. ಚಳಿಗಾಲ ಮುಗಿಯುವಷ್ಟರಲ್ಲಿ, "ನಿಮ್ಮ ಮನಿಗಿ ಬಂದು ಹೆಣ್ಣು ಕೇಳ್ಲೇನ್ರಿ?" ಎಂದ. ಸಾನಿಕಾ ಹೂಂ ಎಂದು ತಲೆಯಾಡಿಸಿದಳು. ಹೇಳಬೇಕಾದ ಒಂದು ಮಾತನ್ನು ಮಾತ್ರ ಮುಚ್ಚಿಟ್ಟಳು...

ಔರಾದ್‌ನ ಸಾನಿಕಾಳ ಮನೆಯಲ್ಲಿ ಚಹಾ ತಂದವರು ಅವಳ ತಾಯಿ ಕಾವೇರಿಬಾಯಿ. ಕೈಗೆ, ಕುತ್ತಿಗೆಗೆ, ತುಟಿಯ ಸುತ್ತ ತೊನ್ನು. ಕೌಶಿಕ ಆ ಕೈ ನೋಡಿದ. ಚಹಾ ಕೆಳಗಿಟ್ಟ. "ಬಸ್ ಹೋಗ್ತದ್ರಿ," ಎಂದು ಎದ್ದ.

"ಅಂವನೂ ಮುಟ್ಲಿಲ್ಲ ನೋಡವ್ವ," ಎಂದರು ತಾಯಿ, ಚಹಾ ಬಚ್ಚಲಿಗೆ ಸುರಿಯುತ್ತ.

"ನಾ ಮೊದಲೇ ಹೇಳಬೇಕಾಗಿತ್ತು."

"ಹೇಳಿದ್ರ ಬರ್ತಿದ್ನೇನು?"

ಕೆಲವು ದಿನಗಳಲ್ಲೇ ಸಾನಿಕಾ ತನ್ನ ಕಾಲಿನ ಮೇಲೆ ಹೆಸರುಕಾಳಿನಷ್ಟು ಬಿಳುಪು ಕಂಡಳು. ಉಜ್ಜಿದಳು. ಚರ್ಮ ಕೆಂಪಾಯಿತೇ ಹೊರತು ಬಿಳುಪು ಹೋಗಲಿಲ್ಲ.

"ತಾಯಿಗಿದ್ರ ಮಕ್ಕಳಿಗಿ ಬಂದೇ ಬರ್ತದಂತಿಲ್ಲಮ್ಮ," ಎಂದರು ಡಾಕ್ಟರು. "ನಿಮಗ ಬಂದದ."

ಎಷ್ಟೋ ಜನರಿಗೆ ಬರದೆ ನನಗೇ ಯಾಕೆ... ಒಂದು ಕ್ಷಣ ಅವ್ವನ ಮೇಲೆ ಸಿಟ್ಟು ಬಂತು. ಆ ಸಿಟ್ಟು ನೆನೆದೇ ಅವಳು ಹೆಚ್ಚು ಅತ್ತಳು.

ಯುಗಾದಿಯ ಹೊತ್ತಿಗೆ, ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಕೌಶಿಕ ಶಾಲೆಯ ಮೆಟ್ಟಿಲ ಬಳಿ ನಿಂತಿದ್ದ.

"ನಮ್ಮವ್ವನ್ನ ನೋಡಿ ಅಸಹ್ಯ ಆತೇನ್ರಿ?"

"ಸುಳ್ಳ್ಯಾಕ ಹೇಳ್ಲಿ, ಹೆದರಿದೆ. ಗ್ವಾಡಿ ಮುಂದ ನಕ್ಕಿದ್ದು ನೆನಪಾಗಿ ನಾಚಿಕಿನೂ ಆತು. ಆಮ್ಯಾಲ ನಮಗ ಹುಟ್ಟೋ ಕೂಸು ಕಣ್ಮುಂದ ಬಂತು. ಓಡಿಹೋದೆ."

"ಕೂಸಿನ ಮಾತು ದೂರದ್ದು. ಇಲ್ಲಿ ನೋಡ್ರಿ," ಎಂದು ಸೀರೆಯ ಅಂಚು ಸರಿಸಿದಳು.

ಅವನು ಬಹಳ ಹೊತ್ತು ನೋಡಿದ. ಅವನು ಹಿಂದೆ ಸರಿಯುವುದನ್ನೇ ಅವಳು ಕಾಯುತ್ತಿದ್ದಳು. ಅವನು ಮೆಟ್ಟಿಲ ಮೇಲೆ ಕುಳಿತುಬಿಟ್ಟ.

"ಇದು ಹೆಚ್ಚಾಗ್ತದ. ಮಾರಿ ಮ್ಯಾಲೂ ಬರ್ತದ."

"ಬರಬಹುದು."

"ಈಗೂ ಹೆದರಿಕಿ ಅದ ಏನ್ರಿ?"

"ಅದ, ಸಾನಿಕಾ. ಹೆದರಿಕೊಂಡೇ ನಿನ್ನ ಜೋಡಿ ಇರ್ತೇನಿ. ಓಡಿಹೋಗಿ ನೋಡ್ದೆ, ಇರ್ಲಿಕ್ಕಾಗಲಿಲ್ಲ."

ಅವಳೂ ಕುಳಿತಳು, ನಡುವೆ ಜಾಗ ಬಿಟ್ಟು.

"ನಿಮ್ಮವ್ವ ಒಪ್ಪಾಂಗಿಲ್ಲ."

"ಒಪ್ಪಿಲ್ಲ. ಮದಿವಿಗೂ ಬರಾಂಗಿಲ್ಲ ಅಂದಾಳ."

ಸಾನಿಕಾ ನೆಲ ನೋಡುತ್ತ ಹೇಳಿದಳು, "ಯಾರ ಮದಿವ್ಯಾಗೂ ನಮ್ಮವ್ವನ್ನ ಹಿಂದ ಕುಂದ್ರಸ್ತಾರ್ರಿ. ಅಕ್ಷತಿಯ ಅಕ್ಕಿಕಾಳು ಸೈತ ಅಕಿ ಕೈಗಿ ಕೊಡಾಂಗಿಲ್ಲ."

"ನಮ್ಮ ತಲಿ ಮ್ಯಾಲ ಮೊದಲ ಅಕ್ಕಿಕಾಳು ಅವರ ಕೈಲೇ ಬೀಳ್ಲಿ."

ಅವಳು ನಡುವಿನ ಜಾಗ ದಾಟಿ ಅವನ ಹೆಗಲಿಗೆ ಹಣೆ ಹಚ್ಚಿದಳು.

"ನಿಮ್ಮವ್ವ ಬರ್ಲಿಲ್ಲಂದ್ರ ನಿಮಗ ಸಂಕಟ ಆಗ್ತದ..."

"ಆಗ್ತದ. ಆಗ ನೀ ಬಾಜೂಕ ಇರು."

"ಇರ್ತೇನ್ರಿ."